ಕುದುರೆ ಮೇಲೆ ಒಂದು ಕಡೆ ವಾಲಿ ಕೂರ್ತಿದ್ದೀರಾ? ಸರಿ ಮಾಡ್ಕೊಳ್ಳೋದು ಹೀಗೆ

ಬಲಗಡೆ ಸ್ಟಿರಪ್ (ಪಾದ ಇಡೋ ಬಳೆ) ಮಾತ್ರ ಪದೇ ಪದೇ ಕಾಲಿಂದ ಜಾರಿ ಹೋಗತ್ತೆ, ಕುದುರೆ ಒಂದು ಕಡೆಗೆ ಸಲೀಸಾಗಿ ತಿರುಗತ್ತೆ ಇನ್ನೊಂದು ಕಡೆಗೆ ಹಟ ಮಾಡತ್ತೆ, ಒಂದೇ ಕೈಯಲ್ಲಿ ಲಗಾಮು ಭಾರ ಅನ್ಸತ್ತೆ, ಇಳಿದ ಮೇಲೆ ಸೊಂಟದ ಒಂದೇ ಪಕ್ಕ ನೋಯತ್ತೆ. ಇದರಲ್ಲಿ ಒಂದೆರಡು ನಿಮಗೂ ಆಗ್ತಿದ್ರೆ ನೀವು ಸ್ಯಾಡಲ್ (ಜೀನು) ಮೇಲೆ ಸಮವಾಗಿ ಕೂತಿಲ್ಲದೇ ಇರೋ ಸಾಧ್ಯತೆ ಜಾಸ್ತಿ. ಗಾಬರಿ ಬೇಡ, ಎರಡೂ ಪಕ್ಕ ಒಂದೇ ಥರ ಇರೋ ದೇಹ ಯಾರಿಗೂ ಇರಲ್ಲ. ಆದ್ರೆ ಹಾಗೇ ಬಿಡೋದೂ ಬೇಡ, ಯಾಕಂದ್ರೆ ಇದರ ಪೆಟ್ಟು ಮೊದಲು ಬೀಳೋದು ಕುದುರೆ ಬೆನ್ನಿಗೆ. ಹೆಗಲ ಮೇಲೆ ಮಗುನ ಕೂರಿಸ್ಕೊಂಡು ನಡೀವಾಗ ಮಗು ಎಡಕ್ಕೆ ವಾಲಿದ್ರೆ ನಾವೂ ಎಡಕ್ಕೇ ಹೆಜ್ಜೆ ಹಾಕ್ತೀವಲ್ಲ, ಕುದುರೆ ಮಾಡೋದೂ ಅದನ್ನೇ, ಭಾರದ ಕೆಳಗೆ ಬರೋಕೆ ನೋಡತ್ತೆ. ನಾವು ಅದನ್ನ ಮೊಂಡುತನ ಅಂದ್ಕೊಂಡು ಲಗಾಮು ಎಳೀತೀವಿ.

ಮುಂದೆ ಹೇಳೋದನ್ನ ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ. ತುಂಬಾ ಜನ ನೇರವಾಗಿ ಭುಜ ಸರಿ ಮಾಡೋಕೆ ಹೋಗ್ತಾರೆ, ಇಲ್ಲಾಂದ್ರೆ ಪಾದ. ವಾಲೋದು ಶುರುವಾಗೋದು ಸೊಂಟದ ಎಲುಬಿಂದ, ಭುಜ ಮತ್ತು ಪಾದ ಅದರ ಹಿಂದೆ ಹೋಗ್ತವೆ ಅಷ್ಟೇ.

ಮೊದಲು ಕುರ್ಚಿ ಮೇಲೆ

ಗಟ್ಟಿಯಾದ ಮರದ ಕುರ್ಚಿ ಮೇಲೆ ಕೂತು, ಅಂಗೈ ಮೇಲಾಗಿ ಎರಡೂ ಕೈ ಕುಂಡಿ ಕೆಳಗೆ ಇಟ್ಕೊಳ್ಳಿ. ಎರಡು ಗಟ್ಟಿ ಎಲುಬು ಅಂಗೈಗೆ ಒತ್ತತ್ತಲ್ಲ, ಸವಾರರು ಸೀಟ್ ಬೋನ್ ಅನ್ನೋದು ಇದನ್ನೇ. ನಿಧಾನಕ್ಕೆ ಎಡಕ್ಕೂ ಬಲಕ್ಕೂ ಭಾರ ಬದಲಿಸಿ ನೋಡಿ, ಆಮೇಲೆ ಕಣ್ಣು ಮುಚ್ಕೊಂಡು ನಿಮಗೆ ನೇರ ಅನ್ಸೋ ಜಾಗದಲ್ಲಿ ನಿಲ್ಲಿಸಿ. ಯಾವ ಅಂಗೈ ಜಾಸ್ತಿ ನೋಯತ್ತೆ, ಯಾವ ಎಲುಬು ಸ್ವಲ್ಪ ಮುಂದಿದೆ, ಗಮನಿಸಿ. ಇದನ್ನೇ ಕುದುರೆ ಮೇಲೂ ಮಾಡಿ, ಒಬ್ಬರು ಕುದುರೆನ ಹಿಡ್ಕೊಂಡು ನಿಂತಿರಲಿ, ನೀವು ಸ್ಟಿರಪ್ ಬಿಟ್ಟು ಕಾಲು ಸಡಿಲವಾಗಿ ಇಳಿಬಿಟ್ಟು ಕೂತ್ಕೊಳ್ಳಿ. ಕುರ್ಚಿ ಮೇಲೂ ಕುದುರೆ ಮೇಲೂ ಒಂದೇ ಕಡೆ ಭಾರ ಬರ್ತಿದ್ರೆ ಕಾರಣ ಹೆಚ್ಚಾಗಿ ನಿಮ್ಮ ದೇಹದಲ್ಲಿದೆ. ಕುರ್ಚಿ ಮೇಲೆ ಸರಿ ಇದ್ದು ಕುದುರೆ ಮೇಲೆ ಮಾತ್ರ ವಾಲಿದ್ರೆ ಸ್ಯಾಡಲ್ ಅಥವಾ ಕುದುರೆ ಕಡೆ ನೋಡ್ಬೇಕು.

ಹಿಂದಿನಿಂದ ವಿಡಿಯೋ ಮಾಡಿಸಿ

ಕನ್ನಡಿ ಮುಂದೆ ನೋಡ್ಕೊಳ್ಳೋದಕ್ಕಿಂತ ಇದು ಎಷ್ಟೋ ಒಳ್ಳೇದು. ಜಾಕೆಟ್ ಹಿಂದೆ ಬೆನ್ನುಮೂಳೆ ಉದ್ದಕ್ಕೂ ಬಣ್ಣದ ಟೇಪ್ ಅಂಟಿಸ್ಕೊಂಡು, ಕುದುರೆ ಒದ್ದರೆ ಸಿಗದಷ್ಟು ದೂರದಲ್ಲಿ ಯಾರನ್ನಾದ್ರೂ ನಿಲ್ಲಿಸಿ, ಅವರಿಂದ ನೇರವಾಗಿ ದೂರ ಹೋಗೋ ಹಾಗೆ ವಾಕ್ (ನಡಿಗೆ) ಮತ್ತು ಟ್ರಾಟ್ (ಕುಲುಕು ಓಟ) ಮಾಡಿ. ಟೇಪ್, ಸ್ಯಾಡಲ್ ಹಿಂಭಾಗದ ನಟ್ಟನಡು, ಕುದುರೆ ಬಾಲದ ಬುಡ, ಈ ಮೂರೂ ಒಂದೇ ಗೆರೆಯಲ್ಲಿರಬೇಕು. ಟೇಪ್ ಬಾಗಿದ್ಯಾ ಅಥವಾ ಇಡೀ ಟೇಪೇ ಸ್ಯಾಡಲ್ ಜೊತೆ ಪಕ್ಕಕ್ಕೆ ಹೋಗಿದ್ಯಾ ಅನ್ನೋ ವ್ಯತ್ಯಾಸ ಮುಖ್ಯ, ಮೊದಲನೇದು ನಿಮ್ಮ ಸೊಂಟ ಕುಸಿದಿರೋದು, ಎರಡನೇದಾದ್ರೆ ಸ್ಯಾಡಲ್ ಜಾರಿದೆ.

ಸ್ಯಾಡಲ್ ಮತ್ತು ಕುದುರೆ

ಸ್ಟಿರಪ್ ಬೆಲ್ಟ್ ಎರಡನ್ನೂ ಬಿಚ್ಚಿ ಒಂದೇ ಮೊಳೆಗೆ ನೇತುಹಾಕಿ, ತೂತುಗಳನ್ನ ಜೋಡಿಸಿ ನೋಡಿ. ಎಡಗಡೆಯಿಂದ ಹತ್ತೋದು ಹಳೇ ರೂಢಿ ಆದ್ದರಿಂದ ಎಡಗಡೆ ಬೆಲ್ಟ್ ಕಾಲ ಕಳೆದ ಹಾಗೆ ಹಿಗ್ಗತ್ತೆ, ತೂತಿನ ನಂಬರ್ ಎರಡೂ ಕಡೆ ಒಂದೇ ಇದ್ರೂ ಉದ್ದ ಒಂದೇ ಇರಲ್ಲ. ಆಗಾಗ ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಬದಲಾಯಿಸ್ತಿರಿ. ನೆಲದಿಂದ ಜಗ್ಗಿ ಹತ್ತೋದನ್ನ ಬಿಟ್ಟು ಸ್ಟೂಲ್ ಥರದ ಮೌಂಟಿಂಗ್ ಬ್ಲಾಕ್ ಬಳಸಿ, ಪ್ರತಿ ಸಲ ಹತ್ತುವಾಗ ಸ್ಯಾಡಲ್ ತಿರುಚಿ ಕುದುರೆ ಹೆಗಲಿಗೆ ಬೀಳೋ ಎಳೆತ ತುಂಬಾ ಕಮ್ಮಿ ಆಗತ್ತೆ. ಆಮೇಲೆ ಸ್ಯಾಡಲ್ ತಿರುಗಿಸಿ ಹಿಡಿದು ಕೆಳಗಿನ ಎರಡು ದಿಂಬುಗಳನ್ನ ಕೈಯಲ್ಲಿ ಒತ್ತಿ ನೋಡಿ, ಒಂದು ಕಡೆ ಉಣ್ಣೆ ಚಪ್ಪಟೆಯಾಗಿ ಇನ್ನೊಂದು ಕಡೆ ಉಬ್ಬಿದ್ರೆ ಸ್ಯಾಡಲ್ ರಿಪೇರಿ ಗೊತ್ತಿರೋರ ಹತ್ರ ತುಂಬಿಸ್ಬೇಕು, ನೀವೇ ಬಟ್ಟೆ ಮಡಚಿ ತುರುಕೋಕೆ ಹೋಗ್ಬೇಡಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಯಾರು ಕೂತ್ರೂ ಸ್ಯಾಡಲ್ ಒಂದೇ ಕಡೆ ಜಾರ್ತಿದ್ರೆ ಕುದುರೆಯ ಹಿಂಗಾಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಂಟು ಇರಬಹುದು. ಬ್ರಿಟನ್ನಿನ ಪಶುವೈದ್ಯ ಸಂಶೋಧಕರು ಇಂಥ ಕುದುರೆಗಳ ನೋಯೋ ಕಾಲನ್ನ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ ನೋಡಿದಾಗ ಹೆಚ್ಚಿನ ಕುದುರೆಗಳಲ್ಲಿ ಸ್ಯಾಡಲ್ ಜಾರೋದೂ ನಿಂತಿತ್ತು. ಅಂದ್ರೆ ಸವಾರನ್ನ ಬೈತಾ ಕೂತ್ರೆ ಪಾಪ ಆ ಕುದುರೆ ನೋವಲ್ಲೇ ಓಡ್ತಿರತ್ತೆ. ಅನುಮಾನ ಬಂದ್ರೆ ಮೊದಲು ಕುದುರೆನ ಪಶುವೈದ್ಯರಿಗೆ ತೋರಿಸಿ, ಸೀಟ್ (ನೀವು ಕೂರೋ ರೀತಿ) ಸರಿ ಮಾಡೋದು ಆಮೇಲೆ.

ಈಗ ನಿಮ್ಮ ಸೊಂಟ

ಸಾಮಾನ್ಯವಾಗಿ ಕಾಣೋದು ಹೀಗೆ: ಬಲ ಪಕ್ಕೆ ಕುಸಿದು ಸೊಂಟದ ಹತ್ರ ಅಂಗಿ ಮಡಿಕೆ ಬಿದ್ದಿರತ್ತೆ, ಬಲ ಭುಜ ಕೆಳಗಿರತ್ತೆ, ಸೊಂಟ ಎಡಕ್ಕೆ ತಳ್ಳಿಕೊಂಡು ಭಾರ ಎಲ್ಲ ಎಡ ಸೀಟ್ ಬೋನ್ ಮೇಲೆ ಬಿದ್ದಿರತ್ತೆ, ಬಲಗಡೆ ಎಲುಬು ಮೇಲಕ್ಕೆ ಎದ್ದಿರೋದ್ರಿಂದ ಬಲ ಸ್ಟಿರಪ್ ಉದ್ದ ಆದ ಹಾಗೆ ಅನ್ಸಿ ಕಾಲಿಂದ ಜಾರತ್ತೆ. (ನಿಮ್ಮದು ಉಲ್ಟಾ ಇದ್ರೆ ಎಡ ಬಲ ಬದಲಿಸಿ ಓದ್ಕೊಳ್ಳಿ.) ಇಲ್ಲೇ ಎರಡು ತಪ್ಪು ಸಲಹೆ ಸಿಗತ್ತೆ. ಒಂದು, ಬಲ ಸ್ಟಿರಪ್ ಒಂದು ತೂತು ಗಿಡ್ಡ ಮಾಡಿ ಅನ್ನೋದು. ಹಾಗೆ ಮಾಡಿದ್ರೆ ಆರಾಮ ಅನ್ಸತ್ತೆ, ಆದ್ರೆ ವಾಲಿರೋದು ವಾಲಿದ ಹಾಗೇ ಖಾಯಂ ಆಗತ್ತೆ. ಎರಡನೇದು, ಬಲ ಪಾದ ಒತ್ತಿ ಅನ್ನೋದು. ಒತ್ತಿದಷ್ಟೂ ಮಂಡಿ ಸೆಟೆದು ಬಲ ಸೊಂಟ ಇನ್ನೂ ಮೇಲಕ್ಕೆ ಹೋಗಿ ನೀವು ಇನ್ನಷ್ಟು ಎಡಕ್ಕೆ ಸರೀತೀರಿ.

ಬದಲಿಗೆ, ನಿಂತಿರೋ ಕುದುರೆ ಮೇಲೆ ಸ್ಟಿರಪ್ ಬಿಟ್ಟು ಕೂತು, ಸ್ಯಾಡಲ್ ಮುಂದಿನ ಉಬ್ಬು ಹಿಡ್ಕೊಂಡು ಸ್ವಲ್ಪ ಮೇಲೆದ್ದು, ಎಡ ಸೀಟ್ ಬೋನನ್ನ ಸ್ಯಾಡಲ್ ನಡುಗೆರೆ ಕಡೆ ತಂದು ಮೆಲ್ಲಗೆ ಕೂತ್ಕೊಳ್ಳಿ. ಲಗಾಮು ಎಡಗೈಗೆ ಕೊಟ್ಟು ಬಲಗೈನ ನೇರ ಆಕಾಶದ ಕಡೆ ಎತ್ತಿ, ಬಲ ಕಂಕುಳಿಂದ ಸೊಂಟದವರೆಗಿನ ಜಾಗ ಹಿಗ್ಗೋ ಹಾಗೆ ಎರಡು ಮೂರು ಉಸಿರು ಹಾಗೇ ಇರಿ. ಕೈ ಇಳಿಸುವಾಗ ಪಕ್ಕೆಯ ಉದ್ದ ಹಾಗೇ ಉಳೀಬೇಕು, ಕೈ ಮಾತ್ರ ಇಳೀಬೇಕು. ಆಮೇಲೆ ಎರಡೂ ತೊಡೆನ ಸ್ಯಾಡಲಿಂದ ಒಂದು ಇಂಚು ಹೊರಕ್ಕೆ ಎತ್ತಿ ಹಾಗೇ ಬಿಟ್ಬಿಡಿ, ಕಾಲು ತನ್ನ ಭಾರಕ್ಕೆ ತಾನೇ ಇಳೀಲಿ, ಹೊಕ್ಕಳು ಕುದುರೆಯ ಎರಡು ಕಿವಿ ನಡುವೆ ನೋಡ್ತಿರಲಿ.

ಈಗ ಬರೋ ಅನುಭವಕ್ಕೆ ತಯಾರಿರಿ: ನೇರವಾಗಿ ಕೂತಾಗ ನಿಮಗೆ ಬಲಕ್ಕೆ ಬಿದ್ದೇ ಹೋಗ್ತೀನೇನೋ ಅನ್ಸತ್ತೆ. ವಾಲಿರೋದೇ ನೇರ ಅಂತ ಮೆದುಳು ಅಭ್ಯಾಸ ಮಾಡ್ಕೊಂಡಿರತ್ತೆ, ಅದಕ್ಕೇ ನಿಮ್ಮ ಅನ್ಸಿಕೆ ನಂಬ್ಬೇಡಿ, ವಿಡಿಯೋ ನಂಬಿ. ಸರಿ ಇರೋದು ಸರಿ ಅನ್ಸೋಕೆ ವಾರಗಳೇ ಹಿಡಿಯತ್ತೆ, ಇದೊಂದನ್ನ ಯಾರೂ ಮೊದಲೇ ಹೇಳದೇ ಇರೋದ್ರಿಂದ ಎಷ್ಟೋ ಜನ ಎರಡನೇ ದಿನಕ್ಕೇ ಬಿಟ್ಬಿಡ್ತಾರೆ.

ನಡೆಸ್ತಾ ಸರಿ ಮಾಡೋದು

ವಾಕ್‌ನಿಂದ ಶುರು ಮಾಡಿ. ಕುದುರೆಯ ಒಂದು ಹಿಂಗಾಲು ಗಾಳಿಯಲ್ಲಿ ಮುಂದೆ ಬರುವಾಗ ಆ ಕಡೆ ಬೆನ್ನು ಸ್ವಲ್ಪ ಇಳಿಯತ್ತೆ, ನಿಮ್ಮ ಆ ಕಡೆ ಎಲುಬೂ ಜೊತೆಗೆ ಇಳಿಯತ್ತೆ. ಎಡ, ಬಲ, ಎಡ, ಬಲ ಅಂತ ಬಾಯಲ್ಲೇ ಹೇಳ್ಕೊಂಡು ಹೋಗಿ, ಒಂದು ಕಡೆ ಸರಿಯಾಗಿ ಗೊತ್ತಾಗಿ ಇನ್ನೊಂದು ಕಡೆ ಮಸುಕಾಗಿದ್ರೆ ಆ ಮಸುಕು ಕಡೆ ತೊಡೆ ಬಿಗಿ ಹಿಡಿದಿದ್ದೀರಿ ಅಂತ. ಅಲ್ಲಿ ಒತ್ತಬೇಡಿ, ಸಡಿಲ ಬಿಡಿ.

ಲಾಂಜ್ ಹಗ್ಗದಲ್ಲಿ (ನಡುವೆ ನಿಂತು ಹಿಡಿಯೋ ಉದ್ದ ಹಗ್ಗ) ಕುದುರೆ ಸುತ್ತಿಸೋರು ಸಿಕ್ಕಿದ್ರೆ ಹತ್ತು ನಿಮಿಷ ಸ್ಟಿರಪ್ ಇಲ್ಲದೇ ಸವಾರಿ ಮಾಡೋದಕ್ಕಿಂತ ದೊಡ್ಡ ಮದ್ದಿಲ್ಲ, ಲಗಾಮಿನ ಚಿಂತೆ ಅವರದ್ದು, ನಿಮಗೆ ಸೀಟ್ ಒಂದೇ ಕೆಲಸ. ಸ್ಟಿರಪ್ ಅನ್ನೋದೇ ಇಲ್ಲದ ಕಾಲದಲ್ಲಿ, ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಗ್ರೀಕ್ ಸೇನಾನಿ ಕ್ಸೆನೊಫೋನ್ ಕುರ್ಚಿ ಮೇಲೆ ಕೂತ ಹಾಗೆ ಕೂರಬೇಡಿ, ಕಾಲು ಅಗಲಿಸಿ ನೆಟ್ಟಗೆ ನಿಂತ ಹಾಗೆ ಇರಿ ಅಂತ ಬರೆದಿಟ್ಟಿದ್ದ, ಸ್ಟಿರಪ್ ಬಿಟ್ಟಾಗ ಅದು ಯಾಕೆ ಅಂತ ತಾನಾಗೇ ಅರ್ಥ ಆಗತ್ತೆ. ಬಿಗಿ ಹಿಡೀತಿದ್ದೀರಿ ಅನ್ಸಿದ ತಕ್ಷಣ ವಾಕ್‌ಗೆ ಇಳಿಸಿ.

ವೃತ್ತದಲ್ಲಿ ತಿರುಗುವಾಗ ದೇಹ ಹೊರಗಡೆಗೆ ಜಾರತ್ತೆ, ಅದನ್ನ ಸರಿದೂಗಿಸೋಕೆ ಭುಜ ಒಳಗೆ ಬಗ್ಗಿಸ್ತೀವಿ, ಅಲ್ಲೇ ಪಕ್ಕೆ ಕುಸಿಯೋದು. ಭುಜ ಬಗ್ಗಿಸದೇ ಒಳಗಿನ ಸೀಟ್ ಬೋನ್ ಸ್ವಲ್ಪ ಮುಂದಿಟ್ಟು ಒಳಗಿನ ಪಕ್ಕೆ ಉದ್ದ ಇಟ್ಕೊಳ್ಳಿ. ರೈಸಿಂಗ್ ಟ್ರಾಟ್‌ನಲ್ಲಿ (ಟ್ರಾಟ್ ತಾಳಕ್ಕೆ ಏಳ್ತಾ ಕೂರ್ತಾ ಹೋಗೋದು) ಹೊರಗಿನ ಮುಂಗಾಲು ನೆಲಕ್ಕೆ ಬಂದಾಗ ಕೂರಬೇಕು. ನೇರ ದಾರಿಯಲ್ಲಾದ್ರೆ ಎರಡು ಬೀಟ್ ಕೂತೇ ಇದ್ದು, ಯಾವ ಮುಂಗಾಲಿಗೆ ಕೂರ್ತೀರಿ ಅನ್ನೋದನ್ನ ಆಗಾಗ ಬದಲಿಸಿ, ಇಲ್ಲಾಂದ್ರೆ ಯಾವಾಗಲೂ ಸುಲಭ ಅನ್ಸೋ ಕಡೆನೇ ಏಳ್ತಾ ಕೂರ್ತಾ ಇರ್ತೀವಿ, ಕುದುರೆ ಬೆನ್ನೂ ಒಂದು ಕಡೆನೇ ಬೆಳೆಯತ್ತೆ.

ಕುದುರೆಯಿಂದ ಇಳಿದ ಮೇಲಿನ ಅಭ್ಯಾಸಗಳೂ ಲೆಕ್ಕಕ್ಕೆ ಬರ್ತವೆ. ಹಿಂದಿನ ಜೇಬಲ್ಲಿ ಪರ್ಸ್ ಇಟ್ಕೊಂಡು ಕೂರೋದು, ಯಾವಾಗಲೂ ಒಂದೇ ಕಾಲ ಮೇಲೆ ಇನ್ನೊಂದು ಕಾಲು ಹಾಕೋದು, ಬ್ಯಾಗ್ ಒಂದೇ ಹೆಗಲಿಗೆ ಹಾಕೋದು ನಿಲ್ಲಿಸಿ, ಒಂಟಿ ಕಾಲಲ್ಲಿ ನಿಲ್ಲೋ ಅಭ್ಯಾಸ ಎರಡೂ ಕಡೆ ಮಾಡಿ. ಒಂದೆರಡು ತಿಂಗಳು ಪ್ರಾಮಾಣಿಕವಾಗಿ ಮಾಡಿದ್ರೂ ವಿಡಿಯೋದಲ್ಲಿ ಬದಲಾವಣೆ ಕಾಣ್ದಿದ್ರೆ, ಇಲ್ಲಾ ಹಳೇ ಪೆಟ್ಟು ಇದ್ರೆ, ಫಿಸಿಯೋಥೆರಪಿಸ್ಟ್ ಹತ್ರ ಕಾಲಿನ ಉದ್ದ ಅಳೆಸಿ. ನಿಜವಾಗ್ಲೂ ಒಂದು ಕಾಲು ಗಿಡ್ಡ ಅಂತ ಗೊತ್ತಾದ್ರೆ ಆಗ ಮಾತ್ರ ಸ್ಟಿರಪ್ ಉದ್ದ ಬೇರೆ ಬೇರೆ ಇಡಬಹುದು. ಸೀಟ್ ಸರಿಯಾಗ್ತಾ ಬಂದ ಹಾಗೆ ಕುದುರೆ ಬೆನ್ನಿನ ಸ್ನಾಯುಗಳೂ ಆಕಾರ ಬದಲಿಸ್ತವೆ, ಹಾಗಾಗಿ ಸ್ಯಾಡಲ್ ಫಿಟ್ಟಿಂಗ್ ಇನ್ನೊಮ್ಮೆ ತೋರಿಸಿ.