ಕ್ವೆರಿಯೊಳಗೆ ಇನ್‌ಪುಟ್ ಅಂಟಿಸಬೇಡಿ, ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ

ಬಳಕೆದಾರರು ಟೈಪ್ ಮಾಡಿದ್ದನ್ನು ಎಸ್‌ಕ್ಯೂಎಲ್ ಕ್ವೆರಿಯೊಳಗೆ (ಡೇಟಾಬೇಸ್‌ಗೆ ಕಳಿಸುವ ಆಜ್ಞೆಯೊಳಗೆ) ನೇರವಾಗಿ ಜೋಡಿಸುವ ಬದಲು ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ: ಮೌಲ್ಯ ಬರಬೇಕಾದ ಕಡೆ ಖಾಲಿ ಗುರುತು ಬಿಟ್ಟು, ಮೌಲ್ಯವನ್ನು ಬೇರೆಯಾಗಿ ಕಳಿಸಿ. ಭದ್ರತೆ, ವೇಗ ಎರಡೂ ಇದೊಂದರಿಂದಲೇ ಸುಧಾರಿಸುತ್ತವೆ. ಕ್ವೆರಿಯ ರಚನೆಯನ್ನು ಸರ್ವರ್ ಮೊದಲೇ ಓದಿ ಮುಗಿಸಿರುತ್ತದೆ; ಆಮೇಲೆ ಬಂದ ಮೌಲ್ಯದಲ್ಲಿ ಕೋಟ್ ಚಿಹ್ನೆ ಇರಲಿ, 'ಡ್ರಾಪ್ ಟೇಬಲ್' (ಟೇಬಲ್ ಅಳಿಸುವ ಆಜ್ಞೆ) ಇರಲಿ, ಅದು ಬರೀ ಡೇಟಾ, ಆಜ್ಞೆ ಆಗುವುದೇ ಇಲ್ಲ. ಅದೇ ಕನೆಕ್ಷನ್‌ನಲ್ಲಿ ಅದೇ ಕ್ವೆರಿ ಮತ್ತೆ ಮತ್ತೆ ಓಡಿದರೆ ಪಾರ್ಸಿಂಗ್ (ಕ್ವೆರಿಯ ರಚನೆ ಓದುವ) ಕೆಲಸವೂ ಉಳಿಯುತ್ತದೆ. ಒಂದೇ ಸಲ ಓಡುವ ಕ್ವೆರಿಗೆ ವೇಗದ ಲಾಭವಿಲ್ಲ, ಆದರೂ ಭದ್ರತೆಗಾಗಿ ದಯವಿಟ್ಟು ಬಿಡಬೇಡಿ.

ಇದು ಕೆಲಸ ಮಾಡದ ಜಾಗಗಳೂ ಇವೆ. ಟೇಬಲ್ ಹೆಸರು, ಕಾಲಂ ಹೆಸರು, 'ಆರ್ಡರ್ ಬೈ' (ಸಾಲುಗಳನ್ನು ಜೋಡಿಸುವ ಕ್ರಮ) ದಿಕ್ಕು ಇವನ್ನು ಹೀಗೆ ಕಳಿಸಲಾಗದು. ಒಪ್ಪಿದ ಹೆಸರುಗಳ ಪಟ್ಟಿಯನ್ನು ಕೋಡ್‌ನಲ್ಲೇ ಇಟ್ಟು ಅದರಿಂದ ಮಾತ್ರ ಆರಿಸಿ. ಪಿಎಚ್‌ಪಿ ಭಾಷೆಯಲ್ಲಿ ಡೇಟಾಬೇಸ್ ಜೊತೆ ಮಾತಾಡುವ ಪಿಡಿಒ, ಮೈಎಸ್‌ಕ್ಯೂಎಲ್ ಡೇಟಾಬೇಸ್ ಜೊತೆ ಡೀಫಾಲ್ಟ್ ಆಗಿ ಎಮ್ಯುಲೇಶನ್ ಮಾಡುತ್ತದೆ, ಅಂದರೆ ಮೌಲ್ಯವನ್ನು ತಾನೇ ಕ್ವೆರಿಯೊಳಗೆ ಸೇರಿಸಿ ಕಳಿಸುತ್ತದೆ. ಅದನ್ನು ಆಫ್ ಮಾಡದಿದ್ದರೆ ಪಾರ್ಸಿಂಗ್ ಉಳಿತಾಯ ಸಿಗದು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೊದಲ 5 ಸಲ ಮೌಲ್ಯ ನೋಡಿ ಪ್ಲ್ಯಾನ್ (ಕ್ವೆರಿ ಓಡಿಸುವ ದಾರಿ) ಮಾಡಿ, ನಂತರ ಎಲ್ಲಕ್ಕೂ ಒಂದೇ ಸಾಮಾನ್ಯ ಪ್ಲ್ಯಾನ್‌ಗೆ ಹೋಗಬಹುದು. ಕೆಲವೇ ಮೌಲ್ಯಗಳಿಗೆ ಲಕ್ಷಗಟ್ಟಲೆ ಸಾಲುಗಳಿರುವ ಟೇಬಲ್‌ನಲ್ಲಿ ಕ್ವೆರಿ ಇದ್ದಕ್ಕಿದ್ದಂತೆ ನಿಧಾನವಾದರೆ ಮೊದಲು ಇದನ್ನೇ ನೋಡಿ. ಪೋಸ್ಟ್‌ಗ್ರೆಸ್ 12ನೇ ಆವೃತ್ತಿಯಿಂದ ಈಚೆಗೆ 'ಪ್ಲ್ಯಾನ್ ಕ್ಯಾಶ್ ಮೋಡ್' ಸೆಟ್ಟಿಂಗ್‌ನಲ್ಲಿ 'ಫೋರ್ಸ್ ಕಸ್ಟಮ್ ಪ್ಲ್ಯಾನ್' ಆರಿಸಿ, ಪ್ರತಿ ಸಲವೂ ಮೌಲ್ಯ ನೋಡಿಯೇ ಪ್ಲ್ಯಾನ್ ಮಾಡಿಸಬಹುದು.