ಡೈನೋಫೈಸಿಸ್ ಕೊನೆಗೂ ಫ್ಲಾಸ್ಕಿನಲ್ಲಿ ನಿಂತಿತು

ಡೈನೋಫೈಸಿಸ್ ಅಕ್ಯುಮಿನೇಟಾ ಎಂಬ ಸಮುದ್ರದ ಏಕಕೋಶ ಜೀವಿ ಲ್ಯಾಬಿನಲ್ಲಿ ಉಳಿಯದು, ಸುಮ್ಮನೆ ದುಡ್ಡು ದಂಡ ಅಂದವರೇ ಹೆಚ್ಚು. 2006ರಲ್ಲೇ ಕೊರಿಯಾದ ಸಂಶೋಧಕರು ಬೆಳೆಸಿದ್ದರೂ ನಮ್ಮ ಕೈಲಿ ಆಗುವ ಕೆಲಸವಲ್ಲ ಅನ್ನುವುದು ಎಲ್ಲರ ಮಾತಾಗಿತ್ತು. ಈಗ ಎಂಟು ತಿಂಗಳಾಯಿತು, ಮೂರು ಫ್ಲಾಸ್ಕ್ ಕೆಡದೆ ನಡೆಯುತ್ತಿವೆ.

ಮೊದಲ ನಾಲ್ಕು ಬ್ಯಾಚ್ ಸತ್ತದ್ದು ಮಾಧ್ಯಮದಿಂದ. ಪಾಚಿ ಬೆಳೆಸುವ ಪೋಷಕ ದ್ರಾವಣವಾದ ಎಫ್/2 ಅನ್ನು ಪೂರ್ತಿ ಬಲದಲ್ಲಿ ಹಾಕಿದರೆ ಬ್ಯಾಕ್ಟೀರಿಯಾ, ಡಯಾಟಮ್ (ಸಿಲಿಕಾ ಚಿಪ್ಪಿನ ಪಾಚಿ) ಮೇಲೆದ್ದು ಇದು ತಳ ಸೇರುತ್ತದೆ. ಅದರ ಹತ್ತನೇ ಒಂದು ಬಲದ ಎಫ್/20ಕ್ಕೆ ಇಳಿಸಿ, ಸಿಲಿಕೇಟ್ ಹಾಕುವುದನ್ನು ಬಿಟ್ಟೆ. ಬಿಸಿ ಕಳೆದು ಒಂದು ದಿನ ಗಾಳಿಯಾಡದ ನೀರನ್ನು ಬಳಸಬೇಡಿ. ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರ) ಕಾಯಿಸಿದಾಗ ನೀರಿನ ಇಂಗಾಲದ ಡೈಆಕ್ಸೈಡ್ ಹೋಗಿ ಪಿಹೆಚ್ ಏರಿರುತ್ತದೆ. ಹಣ ಹೋದದ್ದು ದೀಪಕ್ಕಲ್ಲ, ಹೀಗೆ ಚೆಲ್ಲಿದ ನೀರಿಗೆ ಮತ್ತು ವಿಟಮಿನ್‌ಗಳಿಗೆ.

ನಿಜವಾದ ಕಷ್ಟ ಊಟದ ಸರಪಳಿ. ಟೆಲಿಯಾಲಾಕ್ಸ್‌ ಎಂಬ ಸಣ್ಣ ಪಾಚಿಯನ್ನು ಮೀಸೋಡಿನಿಯಂ ರೂಬ್ರಮ್ ಎಂಬ ಸಿಲಿಯೇಟ್ (ಸಣ್ಣ ಎಳೆಗಳಿಂದ ಈಜುವ ಏಕಕೋಶ ಜೀವಿ) ತಿನ್ನಬೇಕು, ಅದನ್ನು ಡೈನೋಫೈಸಿಸ್ ಹೀರಬೇಕು. ಟೆಲಿಯಾಲಾಕ್ಸ್‌ ಸುರಿದುಬಿಟ್ಟರೆ ಪಿಹೆಚ್ 9ರ ಹತ್ತಿರ ಹೋಗಿ ಸಿಲಿಯೇಟ್ ಒಡೆದುಹೋಗುತ್ತದೆ. ಕಮ್ಮಿ ಕೊಟ್ಟು, ಮೂರ್ನಾಲ್ಕು ದಿನ ಬಿಟ್ಟು, ಟೆಲಿಯಾಲಾಕ್ಸ್ ಕೋಶಗಳು ಸೂಕ್ಷ್ಮದರ್ಶಕಕ್ಕೆ ಸಿಗದಷ್ಟು ಮುಗಿದ ಮೇಲೆ ಮಾತ್ರ ಮೀಸೋಡಿನಿಯಂ ಅನ್ನು ಡೈನೋಫೈಸಿಸ್ ಇರುವ ಫ್ಲಾಸ್ಕಿಗೆ ಹಾಕುತ್ತೇನೆ. ಒಂದು ಡೈನೋಫೈಸಿಸ್‌ಗೆ ಸುಮಾರು ಹತ್ತು ಮೀಸೋಡಿನಿಯಂ, ವಾರಕ್ಕೆರಡು ಸಲ. ಸುಮಾರು 18 ಡಿಗ್ರಿ, 14 ಗಂಟೆ ಮಂದ ಬೆಳಕು. ಬೆಳೆಯುವ ಫ್ಲಾಸ್ಕನ್ನು ಅಲುಗಾಡಿಸಬೇಡಿ, ಅದಕ್ಕೆ ಗಾಳಿ ಊದಬೇಡಿ.

ಊಟ ನಡೆದಿದೆಯೇ ಅಂತ ನೋಡಲು ಎಣಿಸುತ್ತಾ ಕೂರಬೇಕಿಲ್ಲ. ಸರ್ರನೆ ಜಿಗಿಯುತ್ತಿದ್ದ ಸಿಲಿಯೇಟ್ ಇದ್ದಕ್ಕಿದ್ದಂತೆ ನಿಂತು, ದುಂಡಗಾಗಿ, ಎಳೆ ಉದುರಿಸಿಕೊಳ್ಳುತ್ತದೆ. ಪಕ್ಕದಲ್ಲಿ ಅಂಟಿದ ಡೈನೋಫೈಸಿಸ್ ಸಣ್ಣ ಕೊಳವೆ ಚುಚ್ಚಿ ಹೀರುತ್ತಿರುತ್ತದೆ, ಒಳಗೆ ಕೆಂಪು ತುಂಬುತ್ತಾ ಬರುತ್ತದೆ.

ಹುಡುಗಾಟಕ್ಕೆ ಒಂದು ಫ್ಲಾಸ್ಕಿಗೆ ಬರೀ ಟೆಲಿಯಾಲಾಕ್ಸ್ ಕೊಟ್ಟು ನೋಡಿದೆ: ಬೆಳೆಯಲಿಲ್ಲ. ಇನ್ನೊಂದಕ್ಕೆ ಊಟವನ್ನೇ ನಿಲ್ಲಿಸಿದೆ. ಬೆಳಕಿನಲ್ಲಿದ್ದದ್ದು ಬಣ್ಣ ಕಳೆದುಕೊಂಡರೂ ತಿಂಗಳ ಮೇಲೆ ಬದುಕಿತ್ತು. ಊಟದಿಂದ ಕದ್ದ ಪ್ಲಾಸ್ಟಿಡ್‌ಗಳ (ಬೆಳಕಿನಿಂದ ಆಹಾರ ತಯಾರಿಸುವ ಕೋಶದ ಭಾಗಗಳು) ಬಲ ಅಷ್ಟಿದೆ.

ಕೋಶ ಆರಿಸುವಾಗ ಇನ್ನೊಂದು ತೊಂದರೆ: ಪೈಪೆಟ್ಟಿನ ಹನಿಯ ಮೇಲ್ಮೈಗೆ ಸಿಕ್ಕಿಕೊಂಡರೆ ಕೋಶ ಮತ್ತೆ ನೀರಿಗಿಳಿಯದು. ಅದನ್ನು ಇಳಿಸುವ ಉಪಾಯ ನನ್ನ ಬಳಿ ಇದೆ, ಸದ್ಯಕ್ಕೆ ಹೇಳುವುದಿಲ್ಲ. ಇಷ್ಟು ಹೇಳುತ್ತೇನೆ, ಪೈಪೆಟ್ ತುದಿ ನೀರಿನೊಳಗೆ ಮುಳುಗಿದ ಮೇಲೆಯೇ ಹನಿ ಬಿಡಿ. ನೂರಕ್ಕೆ ಇಪ್ಪತ್ತು ಬದುಕುತ್ತಿದ್ದ ಕಡೆ ಈಗ ಎಪ್ಪತ್ತರ ಆಸುಪಾಸು ಉಳಿಯುತ್ತಿವೆ.