ದಣಪೆಯಿಂದ ಗೂಡಿಗೆ ಬಂದ ಫೋನು

ನಮ್ಮ ಮನೆಯ ಫೋನು ಹನ್ನೆರಡು ವರ್ಷ ದಣಪೆಯ, ಅಂದರೆ ಅಂಗಳದಾಚೆಯ ಬೇಲಿ ಬಾಗಿಲಿನ, ಹತ್ತಿರವೇ ಇತ್ತು. ಶಿವಮೊಗ್ಗ ಜಿಲ್ಲೆಯ ಹೊಸನಗರದಿಂದ ನಗರ ಅನ್ನುವ ಊರಿನ ಕಡೆ ಹೋಗುವಾಗ ಟಾರು ರಸ್ತೆ ಬಿಟ್ಟು ಕೆಳಗೆ ಇಳಿದರೆ ನಮ್ಮ ಊರು. ಊರು ಅಂದರೆ ಐದು ಮನೆ. ಎರಡು ಗುಡ್ಡದ ಸಂದಿನಲ್ಲಿ ಅಡಿಕೆ ತೋಟ, ತೋಟದ ತಲೆಗೆ ಮನೆ. ಮನೆಯೊಳಗೆ ಟವರ್ ಸಿಗುತ್ತಿರಲಿಲ್ಲ. ಅಂಗಳ ದಾಟಿ ದಣಪೆಯ ಪಕ್ಕದ ಹಲಸಿನ ಮರದ ಬುಡಕ್ಕೆ ಹೋದರೆ ಒಂದು ಕಡ್ಡಿ, ಒಮ್ಮೊಮ್ಮೆ ಎರಡು. 2009ರಲ್ಲಿ ಮೊದಲ ಮೊಬೈಲ್ ತಂದಾಗ ನಮ್ಮ ಮನೆಯವರು ಅದನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಆ ಮರಕ್ಕೆ ಹೊಡೆದ ಮೊಳೆಗೆ ನೇತುಹಾಕಿದರು. ರಿಂಗ್ ಆದರೆ ಯಾರಾದರೂ ಓಡುವುದು. ಮಾತು ಮುಗಿಸಿ ಮತ್ತೆ ಅಲ್ಲೇ ನೇತುಹಾಕಿ ಬರುವುದು.

ಸಿಗ್ನಲ್ ಹೆಚ್ಚುಕಮ್ಮಿ ನೇರ ಹೋಗುವಂಥದ್ದು. ಗುಡ್ಡ ಅಡ್ಡ ಬಂದರೆ ಅಲ್ಲಿಗೇ ನಿಂತಿತು. ಒದ್ದೆ ಎಲೆಗಳೂ ಅದನ್ನು ಹೀರಿಕೊಳ್ಳುತ್ತವೆ. ಹಾಗಾಗಿ ಜುಲೈ ಬಂತೆಂದರೆ ಇದ್ದ ಒಂದು ಕಡ್ಡಿಯೂ ಹೋಗುತ್ತಿತ್ತು. ಟವರ್ ದೂರ ಇದ್ದಷ್ಟೂ ಫೋನು ಹೆಚ್ಚು ಶಕ್ತಿ ಹಾಕಿ ಅದನ್ನು ಹುಡುಕುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಇದು ತಿಳಿಯದೆ ಎರಡು ಬ್ಯಾಟರಿ ಬದಲಿಸಿದೆವು. ಆಮೇಲೆ ರಾತ್ರಿ ಏರೋಪ್ಲೇನ್ ಮೋಡ್‌ಗೆ ಹಾಕಲು ಕಲಿತೆವು. ನಮ್ಮ ಹಾಗೆ ಟವರ್ ಸಿಗದ ಮಲೆನಾಡಿನ ಊರಿನವರು ಇದನ್ನೊಂದು ಮಾಡಿ ನೋಡಿ, ನಿಜವಾಗಿಯೂ ಉಪಯೋಗ ಆಗುತ್ತದೆ.

ಆಗ ನನಗೆ ಇದೆಲ್ಲ ದೊಡ್ಡ ಕಷ್ಟ ಅನ್ನಿಸುತ್ತಿತ್ತು. 2020ರಲ್ಲಿ ಶಾಲೆ ಮುಚ್ಚಿದಾಗಂತೂ ಅಳು ಬಂದಿತ್ತು. ಮಗ ಆಗ ಒಂಬತ್ತನೇ ಕ್ಲಾಸು. ಆನ್‌ಲೈನ್ ಪಾಠಕ್ಕೆ ಸೊಪ್ಪಿನಬೆಟ್ಟದ ನೆತ್ತಿಗೆ ಹತ್ತಬೇಕು. ಅಲ್ಲಿ ನಾಲ್ಕು ಅಡಿಕೆ ದಬ್ಬೆ ನೆಟ್ಟು, ಮೇಲೆ ಟಾರ್ಪಾಲು ಕಟ್ಟಿ ಕೊಟ್ಟೆವು. ಇಂಬಳ (ಜಿಗಣೆ) ಹತ್ತಬಾರದು ಅಂತ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಅವನು ಪಾಠ ಕೇಳಲು ಹೋಗುತ್ತಿದ್ದ. ಸುತ್ತಮುತ್ತಲಿನ ಕೆಲವು ಊರುಗಳಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಬೋರ್ಡ್ ಕಟ್ಟಿದ್ದರು. ಆ ಸಿಟ್ಟು ನ್ಯಾಯವಾದದ್ದೇ. ಮಳೆಯಲ್ಲಿ ಗುಡ್ಡದ ಮೇಲೆ ಕೂತ ಮಗುವಿನ ತಾಯಿಗೆ ಅದು ಗೊತ್ತಾಗುತ್ತದೆ.

2021ರ ಕೊನೆಗೆ ಕೇಬಲ್‌ನವರು ಫೈಬರ್ ಎಳೆದರು. ಮನೆಯೊಳಗೆ ವೈಫೈ ಬಂತು. ವೈಫೈ ಕಾಲಿಂಗ್ ಆನ್ ಮಾಡಿದರೆ ಟವರ್ ಇಲ್ಲದಿದ್ದರೂ ಮಾಮೂಲಿ ನಂಬರಿಗೇ ಕರೆ ಬರುತ್ತದೆ ಅಂತ ಗೊತ್ತಾಯಿತು. ಫೋನು ದಣಪೆ ಬಿಟ್ಟು ಜಗಲಿಗೆ ಬಂತು, ಜಗಲಿಯಿಂದ ಅಡುಗೆಮನೆಗೆ, ಅಲ್ಲಿಂದ ಹಾಸಿಗೆಗೆ. ಒಂದಿದ್ದದ್ದು ನಾಲ್ಕಾಯಿತು. ನಮಗೆ ಬಹಳ ಖುಷಿಯಾಗಿತ್ತು.

ಒಂದು ವರ್ಷ ಕಳೆದ ಮೇಲೆ ಒಂದು ಸಂಜೆ. ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಅತ್ತೆ ಒಳಗಿನಿಂದ "ಕೆಂಪಿ ಕೊಟ್ಟಿಗೆಗೆ ಬಂತೇನೇ?" ಅಂತ ಕೇಳಿದರು. ನಾನು "ಹ್ಞೂಂ" ಅಂದೆ. ಮತ್ತೆ ಕೇಳಿದರು, ಮತ್ತೆ "ಹ್ಞೂಂ" ಅಂದೆ. ನನ್ನ ಕಣ್ಣು ಯಾವುದೋ ಅಡುಗೆ ವಿಡಿಯೋದಲ್ಲಿತ್ತು. ಕೆಂಪಿ ಬಂದಿರಲಿಲ್ಲ. ಎಂಟೂವರೆಗೆ ಹಾಲು ಕರೆಯಲು ಹೋದಾಗ ಗೊತ್ತಾಯಿತು. ಗಬ್ಬದ ದನ. ಎಲ್ಲರೂ ಫೋನಿನ ಟಾರ್ಚ್ ಹಿಡಿದು ಹುಡುಕಿದೆವು. ಹಳ್ಳದ ದಂಡೆಯಲ್ಲಿ ಬೇರಿನ ನಡುವೆ ಕಾಲು ಸಿಕ್ಕಿಕೊಂಡು ಮಲಗಿತ್ತು. ಹತ್ತಿರ ಹೋದಾಗ ನನ್ನ ಕೈ ನೆಕ್ಕಿತು. ಬಿಡಿಸಿ ಕರೆತಂದೆವು, ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅತ್ತೆ ಬೈಯಲಿಲ್ಲ. "ಈಗ ನಾನು ಯಾರ ಹತ್ತಿರ ಮಾತಾಡುವುದು ಅಂತಲೇ ಗೊತ್ತಾಗುವುದಿಲ್ಲ ಮಾರಾಯ್ತಿ" ಅಂದರು ಅಷ್ಟೇ.

ಫೋನು ಮರಕ್ಕೆ ನೇತಾಡುತ್ತಿದ್ದಾಗ ಅದರ ಹತ್ತಿರ ನಾವು ಹೋಗುತ್ತಿದ್ದೆವು, ಬೇಕಾದಷ್ಟು ಮಾತಾಡಿ ಬರುತ್ತಿದ್ದೆವು. ಈಗ ಅದೇ ನಮ್ಮ ಹಿಂದೆ ಬರುತ್ತಿತ್ತು. ಕೆಡುಕು ಇರುವುದು ಇಲ್ಲಿ ಅಂತ ನನಗೆ ಹೊಳೆಯಿತು. ಫೋನಿಗೆ ಮನೆಯಲ್ಲಿ ಒಂದು ಜಾಗ ಬೇಕು. ಮೊದಲು ಆ ಜಾಗವನ್ನು ಗುಡ್ಡ ಮಾಡಿಕೊಟ್ಟಿತ್ತು, ಇನ್ನು ನಾವೇ ಮಾಡಬೇಕು.

ನಮ್ಮ ಜಗಲಿಯ ಮಣ್ಣಿನ ಗೋಡೆಯಲ್ಲಿ ಒಂದು ಗೂಡಿದೆ. ಹಿಂದೆ ಚಿಮಣಿ ದೀಪ ಇಡುತ್ತಿದ್ದರು, ಆಮೇಲೆ ಎಲೆ ಅಡಿಕೆ ತಟ್ಟೆ. ಅಲ್ಲಿಗೆ ಪ್ಲಗ್ ಪಾಯಿಂಟ್ ಎಳೆಸಿದೆ. ಚಾರ್ಜರ್‌ಗಳೆಲ್ಲ ಅಲ್ಲಿಗೇ ಬಂದವು, ಮಲಗುವ ಕೋಣೆಯಲ್ಲಿ ಒಂದೂ ಇಲ್ಲ. ಸಂಜೆ ಏಳಕ್ಕೆ ದೇವರ ದೀಪ ಹಚ್ಚಿದ ಮೇಲೆ ಎಲ್ಲರ ಫೋನೂ ಗೂಡಿಗೆ. ಮತ್ತೆ ಕೈಗೆ ಬರುವುದು ಬೆಳಿಗ್ಗೆ ಕಾಫಿ ಆದ ಮೇಲೆ. ರಿಂಗ್ ಜೋರಾಗಿ ಇಟ್ಟಿರುತ್ತೇವೆ. ಕರೆ ಬಂದರೆ ಎದ್ದು ಹೋಗಿ, ಅಲ್ಲೇ ನಿಂತು ಮಾತಾಡಬೇಕು.

ಮೊದಲ ವಾರ ಸರಿಹೋಗಲಿಲ್ಲ. ಮಗಳು ಮುಖ ಊದಿಸಿಕೊಂಡಳು. ಇವರು ಅಡಿಕೆ ರೇಟು ನೋಡಬೇಕು ಅಂತ ಎದ್ದು ಹೋದವರು ಅರ್ಧ ಗಂಟೆ ಅಲ್ಲೇ ನಿಲ್ಲುತ್ತಿದ್ದರು. ನಾನೂ ಎರಡು ಸಲ ಸುಮ್ನೆ ಹೋಗಿ ನೋಡಿ ಬಂದೆ. ಆಗ ಒಂದು ಪುಸ್ತಕದಲ್ಲಿ ಬರೆದಿಡಲು ಶುರು ಮಾಡಿದೆ, ಯಾರು ಯಾಕೆ ಫೋನ್ ತೆಗೆದರು ಅಂತ. ನಾಲ್ಕು ದಿನದಲ್ಲಿ ಕಾರಣ ಸಿಕ್ಕಿತು. ಗಂಟೆ ನೋಡಲು, ಅಲಾರಾಂ ಇಡಲು, ಕೂಲಿ ಲೆಕ್ಕ ಕೂಡಲು, ಬಚ್ಚಲಿಗೆ ಹೋಗಲು ಟಾರ್ಚ್, ನಾಳೆ ಯಾವ ತಿಥಿ ಅಂತ ನೋಡಲು. ಎಲ್ಲ ಸಣ್ಣ ಕೆಲಸ. ಆದರೆ ಪ್ರತಿ ಸಣ್ಣ ಕೆಲಸಕ್ಕೂ ಫೋನು ಕೈಗೆ ಬರುತ್ತದೆ, ಬಂದಮೇಲೆ ವಾಟ್ಸಾಪ್ ಕಾಣುತ್ತದೆ, ಅಲ್ಲಿಂದ ರೀಲ್ಸ್.

ಹೊಸನಗರದ ಸಂತೆಗೆ ಹೋದಾಗ ಒಂದು ಅಲಾರಾಂ ಗಡಿಯಾರ, ಎರಡು ಟಾರ್ಚ್, ಒಂದು ಕ್ಯಾಲ್ಕುಲೇಟರ್ ತಂದೆ. ಪಂಚಾಂಗದ ಕ್ಯಾಲೆಂಡರ್ ಗೋಡೆಗೆ ತೂಗುಹಾಕಿದೆ. ಎಲ್ಲ ಸೇರಿ ಸಾವಿರ ರೂಪಾಯಿ ಒಳಗೆ ಆಯಿತು. ನನ್ನನ್ನು ಕೇಳಿದರೆ, ಬುದ್ಧಿ ಹೇಳುವುದಕ್ಕಿಂತ ಈ ನಾಲ್ಕು ಸಾಮಾನು ಜಾಸ್ತಿ ಕೆಲಸ ಮಾಡಿದವು. ಫೋನಿನಲ್ಲಿ ಕರೆ ಮತ್ತು ಮೆಸೇಜ್ ಬಿಟ್ಟು ಉಳಿದ ಎಲ್ಲದರ ನೋಟಿಫಿಕೇಶನ್ ಬಂದ್ ಮಾಡಿದೆ. ಮೂರನೇ ವಾರಕ್ಕೆ ಮಗಳು ತಾನಾಗಿಯೇ ಇಡತೊಡಗಿದಳು.

ಇಷ್ಟು ಹೇಳಿದೆ ಅಂತ ಫೋನು ಬೇಡ ಅನ್ನುವವಳು ನಾನಲ್ಲ. ನಮ್ಮ ತೋಟ ಈಗ ಫೋನಿಲ್ಲದೆ ನಡೆಯುವುದಿಲ್ಲ. ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಸರಕು, ಗೊರಬಲು, ಹೀಗೆ ಅಡಿಕೆಯ ಎಲ್ಲ ಬಗೆಯ ಆ ದಿನದ ಧಾರಣೆ ಮಧ್ಯಾಹ್ನಕ್ಕೆ ಕೈಗೆ ಬರುತ್ತದೆ. ಮೊದಲು ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ್ದೇ ರೇಟು. ಏಪ್ರಿಲ್, ಮೇನಲ್ಲಿ ಗುಡುಗು ಶುರುವಾದರೆ 'ದಾಮಿನಿ' ಆ್ಯಪ್ ನೋಡುತ್ತೇನೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ್ದು, ಹತ್ತಿರದಲ್ಲಿ ಸಿಡಿಲು ಇದ್ದರೆ ತೋರಿಸುತ್ತದೆ. ತೋಟದಲ್ಲಿ ಇದ್ದವರನ್ನು ಕರೆದು, ಚಾರ್ಜರ್ ಕಿತ್ತಿಡುತ್ತೇನೆ. ಫೋನು ಸಿಡಿಲನ್ನು ಎಳೆಯುವುದಿಲ್ಲ, ಆದರೆ ಕರೆಂಟಿನ ತಂತಿಯಲ್ಲಿ ಸಿಡಿಲು ಬರುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಮೇಲಿನ ತೋಟಕ್ಕೆ ಎಲೆಚುಕ್ಕೆ ರೋಗ ಬಂತು. ಸೋಗೆಯ (ಅಡಿಕೆ ಗರಿಯ) ಫೋಟೋ ತೆಗೆದು ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರಿಗೆ ಕಳಿಸಿದೆ. ಅದೇ ಸಂಜೆ ಕರೆ ಮಾಡಿ, ಯಾವ ಸೋಗೆ ಕಡಿದು ಸುಡಬೇಕು, ಏನು ಹೊಡೆಯಬೇಕು ಅಂತ ಬಿಡಿಸಿ ಹೇಳಿದರು. ಅದೇ ಸಮಯಕ್ಕೆ ಅದೇ ಫೋನಿಗೆ ಒಂದು ಫಾರ್ವರ್ಡ್ ಬಂದಿತ್ತು. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎರಡು ಪಾಲು ಹಾಕಿ, ಸುಣ್ಣ ಕಡಿಮೆ ಮಾಡಿ, ರೋಗ ಓಡಿಹೋಗುತ್ತದೆ ಅಂತ. ಕೆಳಗಿನ ಮನೆಯವರು ನಂಬಿ ಹೊಡೆಸಿದರು. ಮಿಳ್ಳೆಯೆಲ್ಲ, ಅಂದರೆ ಎಳೆ ಅಡಿಕೆಕಾಯಿಯೆಲ್ಲ, ಸುಟ್ಟು ಉದುರಿತು. ಸರಿಯಾದ ಅಳತೆ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಬೆರೆಸಿದ ಮೇಲೆ ಕತ್ತಿಯ ಅಲಗು ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ. ನಮ್ಮ ಮಾವ ಓದಿದವರಲ್ಲ, ಆದರೆ ಅವರಿಗೆ ಇದು ಗೊತ್ತಿತ್ತು. ಫೋನಿನಲ್ಲಿ ಬಂದದ್ದನ್ನು ಈ ಅಲಗಿನ ಹಾಗೆ ಒಮ್ಮೆ ಪರೀಕ್ಷೆ ಮಾಡುವವರು ಮನೆಯಲ್ಲಿ ಒಬ್ಬರಾದರೂ ಬೇಕು.

ದುಡ್ಡಿನ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು. ಕಳೆದ ವರ್ಷ ಇವರ ವಾಟ್ಸಾಪ್‌ಗೆ ಪರಿಚಯದವರ ನಂಬರಿನಿಂದಲೇ ಮದುವೆ ಕರೆಯೋಲೆ ಅಂತ ಒಂದು ಫೈಲ್ ಬಂತು. ಕರೆಯೋಲೆ ಫೋಟೋ ಆಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಇದರ ಹೆಸರಿನ ಕೊನೆಯಲ್ಲಿ 'ಎಪಿಕೆ' ಅಂತ ಇತ್ತು. ಅಂದರೆ ಅದು ಆ್ಯಪ್. ಇವರು ಒತ್ತಿದರು. ಅದು ಬ್ಯಾಂಕಿನ ಒಟಿಪಿ ಮೆಸೇಜುಗಳನ್ನು ಓದಿ ಕಳಿಸುತ್ತಿತ್ತು. 23,000 ರೂಪಾಯಿ ಹೋಯಿತು. ಮಗಳೇ ಮೊದಲು ಇವರ ಫೋನಿನ ವೈಫೈ ಆಫ್ ಮಾಡಿದಳು. ನಾನು ನನ್ನ ಫೋನಿನಿಂದ 1930ಕ್ಕೆ ಕರೆ ಮಾಡಿದೆ. ಆನ್‌ಲೈನ್ ಮೋಸ ಆದರೆ ಕರೆ ಮಾಡುವ ನಂಬರ್ ಅದು, ಬಾಯಿಪಾಠ ಇರಲಿ. ಬೇಗ ಮಾಡಿದಷ್ಟೂ ಒಳ್ಳೆಯದು, ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯಬಹುದು. ನಮಗೆ 9,000 ವಾಪಸ್ ಬಂತು. ಈಗ ಫೋನ್‌ಪೇಗೆ ಸೇರಿಸಿದ ಖಾತೆಯಲ್ಲಿ ಐದು ಸಾವಿರಕ್ಕಿಂತ ಜಾಸ್ತಿ ಇಡುವುದಿಲ್ಲ. ಅಡಿಕೆ ದುಡ್ಡು ಬೇರೆ ಖಾತೆಯಲ್ಲಿ, ಅದಕ್ಕೆ ಫೋನಿನ ಸಂಬಂಧವೇ ಇಲ್ಲ. ಅತ್ತೆಗೂ ಒಂದು ಮಾತು ಹೇಳಿಕೊಟ್ಟಿದ್ದೇನೆ: ನಮಗೆ ದುಡ್ಡು ಬರುವುದಾದರೆ ಪಿನ್ ಹಾಕಬೇಕಿಲ್ಲ, ಪಿನ್ ಕೇಳಿದರೆ ಅದು ಹೋಗುವ ದುಡ್ಡು.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಕೊಯ್ಲಿನ ಸಮಯದಲ್ಲಿ ನಮ್ಮಲ್ಲಿ ಅಡಿಕೆ ಸುಲಿಯಲು ಆರು ಹೆಂಗಸರು ಬರುತ್ತಾರೆ. ಸುಲಭ ಅಂತ ಕೂಲಿಯನ್ನು ಫೋನಿನಲ್ಲೇ ಹಾಕತೊಡಗಿದೆವು. ನಾಲ್ವರಿಗೆ ಸ್ವಂತ ಫೋನಿಲ್ಲ, ದುಡ್ಡು ಗಂಡಂದಿರ ನಂಬರಿಗೆ ಹೋಗುತ್ತಿತ್ತು. ಒಂದು ದಿನ ಒಬ್ಬಳು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲಿಂದ ತಲೆಯೆತ್ತದೆ, "ಅಮ್ಮಾ, ಈ ವಾರದ್ದು ಕೈಗೇ ಕೊಡಿ, ಹುಡುಗಿಗೆ ಚಪ್ಪಲಿ ತೆಗೆಯಬೇಕು" ಅಂದಳು. ರಾತ್ರಿ ಹನ್ನೊಂದರವರೆಗೆ ಕೂತು ಸುಲಿದದ್ದು ಅವಳು, ಆ ದುಡ್ಡು ಕಂಡವನು ಇನ್ನೊಬ್ಬ. ಅಂದಿನಿಂದ ಸುಲಿದವರ ಕೂಲಿ ಅವರ ಕೈಗೇ, ನೋಟಿನಲ್ಲೇ. ಅದಕ್ಕಾಗಿ ವಾರವಾರ ಬ್ಯಾಂಕಿಗೆ ಹೋಗಬೇಕು. ಹೋಗುತ್ತೇನೆ.

ಆ ಸುಲಿತದ ರಾತ್ರಿಗಳೂ ಬದಲಾಗಿದ್ದವು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಂಗಳದ ಚಪ್ಪರದ ಕೆಳಗೆ ಹತ್ತು ಮೆಟ್ಟುಗತ್ತಿ, ಒಂದು ಕಡೆ ಅಡಿಕೆ ಬೇಯಿಸುವ ಚೊಗರು ಕುದಿಯುವ ಹಂಡೆ, ಮಧ್ಯೆ ಮಾತು. ಊರಿನ ಎಲ್ಲ ಸುದ್ದಿ, ಒಗಟು, ಸತ್ತವರ ಕಥೆ. ಮೊನ್ನೆ ಮೊನ್ನೆ ನೋಡಿದರೆ ಅಲ್ಲಲ್ಲಿ ಒಂದೊಂದು ಫೋನು, ಒಂದರಲ್ಲಿ ಧಾರಾವಾಹಿ, ಒಂದರಲ್ಲಿ ಹಾಡು, ಯಾವುದೂ ಕೇಳುವುದಿಲ್ಲ. ಕಣ್ಣು ಆ ಕಡೆ ಹೋಗಿ ಒಬ್ಬರಿಗೆ ಕೈ ಸೀಳಿತು. ಬೇಡ ಅನ್ನಲು ನನಗೆ ಮನಸ್ಸು ಬರಲಿಲ್ಲ, ಆರು ಗಂಟೆ ಒಂದೇ ಕಡೆ ಕೂರುವವರು ಅವರು. ಒಂದು ಸ್ಪೀಕರ್ ತಂದು ಮಧ್ಯದ ಕಂಬಕ್ಕೆ ಕಟ್ಟಿದೆ. ಒಂದೇ ಫೋನು, ಎಲ್ಲರಿಗೂ ಒಂದೇ ಪ್ರಸಂಗ. ತಾಳಮದ್ದಲೆ ಹಾಕಿದೆ. ಕೃಷ್ಣ ಸಂಧಾನಕ್ಕೆ ಹೋದ ಭಾಗ ಬಂದಾಗ ಅತ್ತೆ ಕೋಲು ಊರಿಕೊಂಡು ಬಂದು ಮೆಟ್ಟಿಲ ಮೇಲೆ ಕೂತರು. ಕೌರವನ ಮಾತು ಸರಿಯೋ ತಪ್ಪೋ ಅಂತ ವಾದ ಶುರುವಾಯಿತು. ನಡುವೆ ಕರೆಂಟ್ ಹೋಯಿತು, ಸ್ಪೀಕರ್ ನಿಂತಿತು. ವಾದ ನಿಲ್ಲಲಿಲ್ಲ.

ಮಗ ಈಗ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಕೋಣೆಯಲ್ಲಿ ಗೂಡಿಲ್ಲ. ರಾತ್ರಿ ಎರಡು ಗಂಟೆಗೂ ವಾಟ್ಸಾಪ್‌ನಲ್ಲಿ ಇದ್ದ ಅಂತ ಬೆಳಿಗ್ಗೆ ನನಗೆ ಕಾಣುತ್ತದೆ. ಅದಕ್ಕೆ ಏನು ಮಾಡಬೇಕೋ ಇನ್ನೂ ದಾರಿ ಸಿಕ್ಕಿಲ್ಲ. ಆದರೆ ದಿನಾ ಎಂಟೂವರೆಗೆ ಅವನ ಕರೆ ಬರುತ್ತದೆ. ಗೂಡಿನಲ್ಲಿ ರಿಂಗ್ ಆದ ಕೂಡಲೇ ಊಟದ ಎಲೆ ಬಿಟ್ಟಾದರೂ ನಾವು ಏಳುತ್ತೇವೆ. ಅತ್ತೆಯೇ ಮೊದಲು ಫೋನು ಕಿವಿಗೆ ಹಿಡಿಯುವುದು. "ಅಜ್ಜಿ, ಮಳೆ ಹೇಗಿದೆ?" ಅಂತ ಅವನು ಕೇಳುತ್ತಾನೆ. ಅತ್ತೆ ಫೋನನ್ನು ಹೊರಗೆ ಚಾಚಿ, ಸೂರಿನ ನೀರು ಬೀಳುವ ಸದ್ದು ಕೇಳಿಸುತ್ತಾರೆ.